ಕಾಶೀಬಾಯಿಯವರ ಮಣೆ

ಇಂದಿಗೂ ನೆನೆದರೆ ಮೈ ಉರಿಯುತ್ತದೆ. ನಾನು ಹುಬ್ಬಳ್ಳಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದವನು. ೧೯೪೩ರಲ್ಲಿ ಧಾರವಾಡದ ಒಂದು ಬೆಳಗಿನ ಸಂಗೀತ ಬೈಠಕ್ಕಿಗೆ ನನ್ನ ಆಂಪ್ಲಿಫೈಯರ್ ಪೆಟ್ಟಿಗೆ ಒಯ್ದಿದ್ದೆ. ಗಾಯಕಿ ಮೃಣಾಲಿನಿಯವರ ಹಿಂದೆ, ತೀರಿಹೋದ ಗುರು ಕಾಶೀಬಾಯಿಯವರ ಮಣೆಯನ್ನು ಖಾಲಿ ಇಡುವುದು ರೂಢಿ. ಬದುಕಿದ್ದಾಗ, ಶಿಷ್ಯೆಯ ದನಿ ಅತಿಯಾದಾಗಲೆಲ್ಲ ಆಕೆ ಅಲ್ಲಿಂದಲೇ ಬೆನ್ನು ತಟ್ಟಿ ತಗ್ಗಿಸುತ್ತಿದ್ದರಂತೆ. ಕಾರ್ಯದರ್ಶಿ ವಾಮನರಾವ್ ನನ್ನ ಪೆಟ್ಟಿಗೆಯನ್ನು ಅದೇ ಮಣೆಯ ಮೇಲೆ ಇಡಿಸಿದರು!

ಅಷ್ಟಕ್ಕೇ ಬಿಡಲಿಲ್ಲ. ಪೆಟ್ಟಿಗೆಯ ಹಿಂದಿನ ಒಂದು ತಂತಿ ತೋರಿಸಿ ಕೇಳಿದರು, “ಈ ತಂತಿ ಯಾಕ?”

“ಹೊರಗ ಹೋಗೋ ದನಿಯೊಳಗ ಒಂಚೂರು ತಿರುವಿ ಒಳಗ ಕಳಸ್ತೈತ್ರಿ. ದನಿ ಹದ್ದುಬಸ್ತಿನ್ಯಾಗ ಇರ್ತೈತಿ. ಇಲ್ಲಂದ್ರ ಕಿರಚತೈತ್ರಿ.”

“ಹೊಂಟ ದನೀನ ವಾಪಸ್ ಕಳಸೂದ? ಹುಚ್ಚುತನ!” ಎಂದವರೇ ನನ್ನದೇ ಇಕ್ಕಳ ಎತ್ತಿ ತಂತಿ ಕತ್ತರಿಸಿಬಿಟ್ಟರು.

ಹಾಡು ಶುರುವಾದರೂ ಲೌಡ್‌ಸ್ಪೀಕರ್ ಕಿರುಚಲಿಲ್ಲ. ಮೃಣಾಲಿನಿ ದನಿ ಏರಿಸಿದಷ್ಟೂ ಅದು ತಾನಾಗಿ ತಗ್ಗಿತು. ದನಿ ತಗ್ಗಿಸುವ ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಕೈ ಇಡಲಾಗದಷ್ಟು ಕಾದ ಪೆಟ್ಟಿಗೆಯ ಕೆಳಗೆ ಮಣೆ ಬಾವಿಗಲ್ಲಿನಂತೆ ತಣ್ಣಗಿತ್ತು. ಮೃಣಾಲಿನಿ ಹಾಡು ನಿಲ್ಲಿಸಿ, ಹಿಂದೆ ತಿರುಗಿಯೂ ನೋಡದೆ, “ಆತ್ರಿ ಬಾಯಿ, ಸಾವಕಾಶ ಹಾಡ್ತೇನ್ರಿ,” ಎಂದರು.

“ನೋಡಿದ್ಯಾ? ಆ ತಂತಿ ಬೇಕಾಗೇ ಇರಲಿಲ್ಲ!” ಎಂದು ವಾಮನರಾವ್ ಎಲ್ಲರೆದುರೇ ನನ್ನನ್ನು ಹಂಗಿಸಿದರು. ಹಲ್ಲು ಕಚ್ಚಿಕೊಂಡು ಬಂದೆ.

ಅಂಗಡಿಗೆ ಬಂದವನೇ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮೈಕ್ ಹಚ್ಚಿದೆ. ಓಣಿಯೇ ಹೊರಗೆ ಬರುವಂತೆ ಕಿರುಚಿತು. ಅದೇ ಪೆಟ್ಟಿಗೆ, ಅದೇ ತುಂಡಾದ ತಂತಿ. ಮಣೆಯೊಂದೇ ಇರಲಿಲ್ಲ.