ಅರಳೆಯ ಹಾಸಿಗೆ

"ಮತ್ತ ಅಳಿಸಿದಿ ಏನಲೇ?"

ಸಾಲಿ ಕಲಿಸುವ ಅಯ್ಯನವರ ಬೆತ್ತ ಅಂದಾನಪ್ಪನ ಬೆನ್ನ ಮೇಲೆ ಬಿತ್ತು.

"ನಾ ಅಳಿಸಿಲ್ರಿ!"

ಹಲಗೆಯ ಮೇಲೆ ಹರವಿದ್ದ ಹುಡಿಮಣ್ಣಿನಲ್ಲಿ ಅವನು ಬೆರಳಿನಿಂದ ತೀಡಿದ ಅಕ್ಷರ ಅರ್ಧ ಮಾಯವಾಗಿತ್ತು. ಬಾಗಿ ಬರೆಯುವಾಗಲೂ ಅವನ ಬಾಯಿ ತೆರೆದೇ ಇರುತ್ತಿತ್ತು. ಉಸಿರು ಬಡಿದು ಮಣ್ಣು ಹಾರುತ್ತಿತ್ತು.

"ಬಿಸಲಾಗಿನ ನಾಯಿ ಹಾಂಗ ಬಾಯಿ ತಗದು ಊದತಾನ್ರಿ," ಪಕ್ಕದ ಸುಭಾನ ನಕ್ಕ.

ಅಂದಾನಪ್ಪ ಅವನನ್ನು ಜೋರಾಗಿ ತಳ್ಳಿದ. ಹಲಗೆ ಮಗುಚಿಬಿತ್ತು.

"ಏಳು ಮ್ಯಾಲೆ!" ಅಯ್ಯನವರು ಗುಡುಗಿದರು. "ಹಗಲೆಲ್ಲಾ ತೂಕಡಿಸ್ತಿ, ಹೇಳಿದ್ದು ತಲಿಗೆ ಹೋಗೂದಿಲ್ಲ, ಮ್ಯಾಲೆ ಗುದ್ದಾಟ ಬ್ಯಾರೆ. ನಾಳಿಂದ ಸಾಲಿಗೆ ಬರಬ್ಯಾಡ."

ಮನೆಯಲ್ಲಿ ಅವ್ವ ಚನ್ನವ್ವ ಹತ್ತಿಯ ಬೀಜ ಬಿಡಿಸುತ್ತಿದ್ದಳು. ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿದರೆ ಬೀಜ ಒಂದು ಕಡೆ, ಅರಳೆ ಇನ್ನೊಂದು ಕಡೆ. ಕುಮಟಾ ಬಂದರಿಗೆ ಅರಳೆ ಒಯ್ಯುವ ಗಾಡಿಗಳು ಬರುವಷ್ಟರಲ್ಲಿ ಎಲ್ಲ ಮುಗಿಯಬೇಕು.

ಸುದ್ದಿ ಕೇಳಿ ಅವಳ ಪಾದ ನಿಂತಿತು.

"ಸಾಲಿ ಬಿಡಿಸಿದ್ರಾ? ಬಾಯಿ ಮುಚ್ಚಾಕ ಏನ ಧಾಡಿ ನಿನಗ?" ಎದ್ದು ಬಂದವಳೇ ಅವನ ಬಾಯಿಗೆ ಅಂಗೈ ಒತ್ತಿದಳು. "ಹೂಂ, ಮೂಗಿಲೆ ಆಡು ಉಸಿರು!"

ಅಂದಾನಪ್ಪನ ಎದೆ ಎಗರಿತು. ಗಾಳಿ ಬರಲಿಲ್ಲ. ಅವಳ ಕೈ ಕಚ್ಚಿ ಬಿಡಿಸಿಕೊಂಡ.

"ಬರೂದಿಲ್ಲಬೇ! ಮೂಗಿನಾಗ ಹಾದೀನ ಇಲ್ಲ!"

ಅವ್ವ ಅವನ ಮುಖವನ್ನು ಬೆಳಕಿಗೆ ತಿರುಗಿಸಿದಳು. ಮೂಗಿನೊಳಗೆ ಬಿಳಿ ಎಳೆಗಳು ಮೆತ್ತಿಕೊಂಡಿದ್ದವು. ಅವಳು ಮೂಲೆಯ ಅರಳೆ ರಾಶಿಯತ್ತ ನೋಡಿದಳು. ಅಲ್ಲಿ ಅವನ ಮೈಯಷ್ಟೇ ಉದ್ದದ ತಗ್ಗು. 'ದೊರಿ ಮಕ್ಕಳಿಗೂ ಇಂಥಾ ಹಾಸಿಗಿ ಇರೂದಿಲ್ಲ' ಎಂದು ದಿನಾ ಅವನನ್ನು ಅಲ್ಲಿ ಮಲಗಿಸಿದವಳು ಅವಳೇ.

ಅವಳು ಹೋಗಿ ರಾಶಿಯನ್ನೇ ಒದ್ದಳು.

"ನನ್ನ ಕೈಯಾರೆ ತುರುಕೀನಿ! ಬೆತ್ತ ನನಗ ಬೀಳಬೇಕಿತ್ತು! ಇವತ್ತಿಂದ ಅಂಗಳದಾಗ ಮಲಕೊ. ನಾಳಿ ಸಾಲಿಗೆ ನಾನೂ ಬರ್ತೀನಿ. ಅದ್ಯಾಂಗ ಬಿಡಸ್ತಾರ ನೋಡತೀನಿ!"

ಮತ್ತೆ ಸಲಾಕೆ ಉರುಳತೊಡಗಿತು. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ಬೈದಳು, ಬೀಜ ಸಿಡಿದರೆ ಬೀಜಕ್ಕೆ.

ಅಂದಾನಪ್ಪ ಅವಳನ್ನೇ ನೋಡಿದ. ಹುಬ್ಬಿನ ಮೇಲೆ ಅರಳೆ, ತುಟಿಯ ಮೇಲೆ ಅರಳೆ. ಅವಳ ಬಾಯಿಯೂ ತೆರೆದಿತ್ತು. ಮುಂಜಾನೆ ಏಳುವಾಗಲೇ ತಲೆ ಹಿಡಿದುಕೊಂಡು ಏಳುವ ಅವ್ವ, ಕೊಡ ಕುಕ್ಕುವ ಅವ್ವ. ಆ ಸಿಟ್ಟೆಲ್ಲ ತನ್ನ ಮೇಲೆಯೇ ಎಂದು ಅವನು ಅಂದುಕೊಂಡಿದ್ದ; ಅವಳ ಮೂಗಿನಲ್ಲೂ ಅರಳೆಯೇ ತುಂಬಿತ್ತು.

ತನ್ನ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೊಡವಿದ. ಹಿಂದಿನಿಂದ ಬಂದು ಅವಳ ಮೂಗು ಬಾಯಿ ಮುಚ್ಚುವಂತೆ ಸುತ್ತಿದ.

"ಏನಲೇ ಇದು? ಕೆಲಸ ಐತಿ ನನಗ!" ಅವ್ವ ಗದರಿದಳು.

ಅಂದಾನಪ್ಪನಿಗೆ ಈ ಸಲ ಹೆದರಿಕೆಯಾಗಲಿಲ್ಲ. ಗಂಟು ಬಿಗಿ ಮಾಡಿದ.