ಹದಿನಾಲ್ಕನೇ ನಂಬರಿನ ಸಹಿ

"ನಮ್ಮ ಪಕ್ಕದ ಮನೆ ಬೇಡ ಅಂದ್ಯಂತೆ," ಎಂದ ಮುತ್ತುರಾಜ್. ಹೊಸ ಮನೆಯ ಸ್ವಿಚ್‌ಬೋರ್ಡಿನ ಸ್ಕ್ರೂ ತಿರುಗಿಸುತ್ತಿದ್ದವನು ತಿರುಗಿಯೂ ನೋಡಲಿಲ್ಲ.

ಅಶ್ವಿನಿ ಬಾಗಿಲಲ್ಲೇ ನಿಂತಳು. ಎಂಟು ತಿಂಗಳಿಂದ ಸಿರಾ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸೀಟು ಹಿಡಿದಿಟ್ಟು, ತಾನು ಕಂಬಕ್ಕೆ ಒರಗಿ ನಿಂತು, ಇಳಿಯುವಾಗೊಮ್ಮೆ ಕದ್ದು ನಗುತ್ತಿದ್ದವನು ಇವನೇನಾ ಅನ್ನಿಸಿತು.

"ಯಾರಂದಿದ್ದು?"

"ನಂದೀಶ್ವರಯ್ಯನೋರು. ಮನೆ ಬದಲಾಯ್ಸಿ ಅಂತ ಹುಡುಗೀನೇ ಕೇಳೌಳೆ ಅಂದು ಅವ್ವನ ಹತ್ರ ಸಹಿ ಹಾಕಿಸ್ಕೊಂಡು ಹೋದ್ರು."

ಕಳ್ಳಂಬೆಳ್ಳದ ಕಡೆಯ ಆ ಊರಿಗೆ ಸರ್ಕಾರ ನಲವತ್ತು ಮನೆ ಕಟ್ಟಿಸಿಕೊಟ್ಟಿತ್ತು. ಎರಡೆರಡು ಮನೆಗೆ ನಡುವೆ ಒಂದೇ ಗೋಡೆ. ಹಕ್ಕುಪತ್ರ ಹೆಂಗಸರ ಹೆಸರಿಗೆ, ಹಂಚಿಕೆ ಲಾಟರಿಯಲ್ಲಿ. ತಾಯಿಯಿಲ್ಲದ ಅಶ್ವಿನಿಯ ಹೆಸರಿಗೆ ಹದಿನಾಲ್ಕು ಬಂತು, ಮುತ್ತುರಾಜನ ತಾಯಿ ಗಂಗರತ್ನಮ್ಮನಿಗೆ ಹದಿನೈದು. ಊರಿಗೂ ಮುತ್ತುರಾಜನವರ ಕಾಲೊನಿಗೂ ನಡುವೆ ಅಜ್ಜಂದಿರ ಕಾಲದಿಂದ ಇದ್ದ ಹೊಲದಷ್ಟು ದೂರವನ್ನು ಲಾಟರಿ ಒಂದೇ ಬೆಳಿಗ್ಗೆಯಲ್ಲಿ ಅಳಿಸಿಹಾಕಿತ್ತು.

ಊರಿನ ದೊಡ್ಡಮನುಷ್ಯರಿಗೆ ಅದು ಅರಗಲಿಲ್ಲ. ನಂದೀಶ್ವರಯ್ಯ ಬೇವಿನ ಮರದಡಿ ಕೂತು, ಪಟ್ಟಿ ಹಿಡಿದು, ಯಾರ ಮನೆ ಯಾರಿಗೆ ಎಂದು ಹೊಸದಾಗಿ ಹಂಚಲು ಶುರು ಮಾಡಿದರು. ಅದಕ್ಕವರು ಇಟ್ಟ ಹೆಸರು ಅಡ್ಜಸ್ಟ್‌ಮೆಂಟ್. "ಜಾತಿ ಗೀತಿ ನಾವು ನೋಡಲ್ಲಪ್ಪ, ಎಲ್ಲ ಹೊಂದ್ಕೊಂಡು ಹೋಗ್ಲಿ ಅಂತ ಅಷ್ಟೆ" ಎಂದು ಪ್ರತಿ ಸಹಿಗೂ ಒಮ್ಮೆ ಹೇಳುತ್ತಿದ್ದರು. ತಮ್ಮ ಹೆಂಡತಿಯ ಹೆಸರಿಗೆ ಬಂದಿದ್ದ ರಸ್ತೆ ಮಗ್ಗುಲಿನ, ನೀರಿನ ಟ್ಯಾಂಕ್ ಪಕ್ಕದ ಮೂಲೆಮನೆಯನ್ನು ಬಿಟ್ಟುಕೊಟ್ಟು, ಚರಂಡಿ ಕೊನೆಯ ಮನೆಯನ್ನು ಅವರು ಖುಷಿಯಿಂದ ತೆಗೆದುಕೊಂಡರು. ಅಲ್ಲಿ ಎಡಕ್ಕೆ ಷಡ್ಡಕ, ಬಲಕ್ಕೆ ಭಾವಮೈದ. ಜೀವಮಾನವಿಡೀ ಮೂಗು ಮುಚ್ಚಿಕೊಂಡಿದ್ದರೂ ಪರವಾಗಿಲ್ಲ, ಪಕ್ಕದ ಮನೆಯ ಒಗ್ಗರಣೆ ಮಾತ್ರ ನಮ್ಮವರದೇ ಆಗಿರಬೇಕು. ಇಂಥ ಬುದ್ಧಿವಂತರು ಹೇಳಿದ್ದಕ್ಕೆ ಊರೆಲ್ಲ ತಲೆಯಾಡಿಸಿತು.

ಇದೇ ಜನ ಮನೆಯ ವೈರಿಂಗಿಗೆ ಕರೆದದ್ದು ಮುತ್ತುರಾಜನನ್ನೇ. ದೇವರ ಗೂಡಿನ ಬಲ್ಬಿಗೂ ಅವನೇ ಗೋಡೆ ಕೊರೆದ. ಕೆಲಸ ಮುಗಿದ ಮೇಲೆ ಅವನಿಗೆ ಪೇಪರ್ ಕಪ್ಪಿನಲ್ಲಿ ಟೀ ಬರುತ್ತಿತ್ತು, ಅದೂ ಹೊಸ್ತಿಲಾಚೆ.

"ಅವರಂದ್ರು, ನೀನು ನಂಬ್ಬುಟ್ಟೆ," ಎಂದಳು ಅಶ್ವಿನಿ.

"ನಂಬ್ದೆ. ಇಂಥ ಮಾತು ನಂಬಾಕೆ ನಮಗೆ ಜಾಸ್ತಿ ಹೊತ್ತು ಬೇಕಾಗಲ್ಲ ಕಣೇ."

ಅವಳಿಗೆ ಕೋಪ ಬಂದಿತ್ತು, ಈಗ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಹತ್ತಿರ ಹೋಗಿ ಅವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು. "ಈ ಕಡೆ ನೋಡು. ನಾನು ಯಾರನ್ನೂ ಏನೂ ಕೇಳಿಲ್ಲ. ನನ್ನ ಸಹಿ ಇನ್ನೂ ಬಿದ್ದಿಲ್ಲ."

ಅವನು ನೋಡಿದ. ರೆಪ್ಪೆಯ ಮೇಲೆಲ್ಲ ಸುಣ್ಣದ ಪುಡಿ. ಕೊಡವಲು ಕೈ ಎತ್ತಿದ್ದವಳು ಹೊರಗೆ ಹೆಜ್ಜೆ ಸದ್ದಾಗಿ ಕೈ ಇಳಿಸಿದಳು. ಹೋದದ್ದು ನಾಯಿ. ಇಬ್ಬರಿಗೂ ನಗು ಬಂತು.

"ಈಗ ಹೇಳು. ಪಕ್ಕದ ಮನೇಲಿ ನಾನಿರ್ಬೇಕಾ, ಬೇಡ್ವಾ?"

"ಪಕ್ಕದ ಮನೇಲಿ ಬೇಡ," ಎಂದ ಮುತ್ತುರಾಜ್.

ಅವಳ ಮುಖ ಬಾಡುವುದನ್ನು ಕ್ಷಣ ಹೊತ್ತು ನೋಡಿ, ದನಿ ಇಳಿಸಿ ಹೇಳಿದ: "ನಮ್ಮನೇಲೇ ಇರ್ಬೇಕು. ಬಸ್ಸಲ್ಲಿ ಹೇಳಾನ ಅಂತಿದ್ದೆ. ದಿನಾ ಸಿರಾ ಬಂದ್ಬುಡ್ತಿತ್ತು."

"ಎಂಟು ತಿಂಗಳು ದಿನಾ ಬಂದೈತೆ ಸಿರಾ," ಎಂದಳು. ಈ ಸಲ ಅವಳು ಹೊರಗಿನ ಸದ್ದಿಗೆ ಕಾಯದೆ ಆ ಪುಡಿಯನ್ನು ತನ್ನ ಸೆರಗಿನಿಂದಲೇ ಒರೆಸಿದಳು.

ಮಾರನೆಯ ದಿನ ಹದಿನಾಲ್ಕನೇ ನಂಬರಿನ ಜಗಲಿಗೆ ನಂದೀಶ್ವರಯ್ಯ ಬಂದರು, ಕೈಯಲ್ಲಿ ಕಾಗದ, ಜೇಬಲ್ಲಿ ಪೆನ್ನು. ಪಕ್ಕದಲ್ಲಿ ಅಶ್ವಿನಿಯ ಅಪ್ಪ ಬೋರಯ್ಯ. ಬೋರಯ್ಯ ಕೆಟ್ಟವನೇನಲ್ಲ. ಕೊನೆಗೆ ಯಾರು ಮಾತಾಡಿದರೋ ಅವರ ಅಭಿಪ್ರಾಯವೇ ಅವನದು, ಅಷ್ಟೆ. ಗೋಡೆಯಾಚೆಯ ಜಗಲಿಯಲ್ಲಿ ಗಂಗರತ್ನಮ್ಮ ಅಕ್ಕಿ ಆರಿಸುತ್ತಿದ್ದಳು, ಮುತ್ತುರಾಜ್ ವೈರ್ ಸುತ್ತುತ್ತಿದ್ದ. ಅವರಿಬ್ಬರೂ ಅಲ್ಲಿ ಇಲ್ಲವೇನೋ ಎಂಬಂತೆ ನಂದೀಶ್ವರಯ್ಯ ದೊಡ್ಡದಾಗಿಯೇ ಮಾತಾಡಿದರು.

"ನೀನೊಂದು ಸಹಿ ಹಾಕ್ಬುಟ್ರೆ ಮುಗೀತವ್ವ. ಅವ್ರೂ ಒಪ್ಪವ್ರೆ."

"ನನ್ನ ಹೆಸರು ಹೇಳಿ ಒಪ್ಪಿಸಿದ್ರಲ್ಲ, ನಾನು ಯಾವಾಗ ಕೇಳ್ದೆ?"

ನಂದೀಶ್ವರಯ್ಯನಿಗೆ ಕೆಮ್ಮು ಬಂತು. "ದೊಡ್ಡೋರು ಒಳ್ಳೇದಕ್ಕೆ ಒಂದ್ಮಾತು ಅಂದಿರ್ತಾರೆ. ಅದನ್ನೆಲ್ಲ ಹಿಡ್ಕೊಂಡು ಕೂರ್ತಾರಾ?"

"ನಾನು ಸಹಿ ಹಾಕಲ್ಲ," ಎಂದಳು ಅಶ್ವಿನಿ.

ಬೋರಯ್ಯ ಬೆವರು ಒರೆಸಿಕೊಂಡ. "ಅಂಗಂದ್ರೆ ಹೆಂಗೆ ಮಗ? ನಾಳೆ ಗಂಡಿನ ಕಡೆಯೋರು ಬತ್ತಾರೆ. ಪಕ್ಕದ ಮನೇಲಿ ಯಾರವ್ರೆ ಅಂತ ಕೇಳ್ತಾರೆ. ಏನಂತ ಹೇಳಾನ?"

ಅಶ್ವಿನಿ ಆಚೆ ಜಗಲಿಯ ಕಡೆ ನೋಡಿದಳು. ಮುತ್ತುರಾಜ್ ವೈರ್ ಕೆಳಗಿಟ್ಟು ಎದ್ದು ನಿಂತಿದ್ದ, ತಲೆ ತಗ್ಗಿಸಿರಲಿಲ್ಲ.

"ಗಂಡಿನ ಕಡೆಯೋರೇ ಪಕ್ಕದ ಮನೇಲವ್ರೆ ಕಣಪ್ಪ," ಎಂದಳು.

ಗಂಗರತ್ನಮ್ಮನ ಮೊರ ಅಲ್ಲೇ ನಿಂತಿತು. ಬೋರಯ್ಯ ನಂದೀಶ್ವರಯ್ಯನ ಮುಖ ನೋಡಿದ. ಅವರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು.