ರವಿಕುಮಾರನ ಪಟ ಇಳಿಸಿದವರು

ಗೋಡೆಯಲ್ಲಿ ಮೊಳೆ ಇತ್ತು, ಕೆಳಗಿನ ಮೇಜಿನ ಮೇಲೆ ಗಂಧದ ಹಾರ ಇತ್ತು, ಪಟ ಮಾತ್ರ ಇರಲಿಲ್ಲ. ನಮ್ಮ ಹೊನ್ನಾಳಿ ಕಾಲೇಜಿನ ಸೈನಿಕ ವಿದ್ಯಾರ್ಥಿ ಕೇಂದ್ರ ಅಂದು ಉದ್ಘಾಟನೆಯಾಗಬೇಕಿತ್ತು. ವಿಶ್ವವಿದ್ಯಾಲಯದ ಸಮಿತಿಯವರು ಆಗಲೇ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ನನಗೆ ಸಮಾರಂಭಗಳೆಂದರೆ ಮೊದಲಿನಿಂದಲೂ ಆಗದು. ಆದರೂ ಆ ಬರಿಗೋಡೆ ನೋಡಿದವನು ಅಲ್ಲೇ ನಿಂತುಬಿಟ್ಟೆ.

ಕೇಂದ್ರದ ಉದ್ದೇಶ ಒಳ್ಳೆಯದೇ. ಸೈನ್ಯದಿಂದ ಬಂದು ಓದುವವರಿಗೆ ಹಾಜರಾತಿಯಲ್ಲಿ ರಿಯಾಯಿತಿ, ಕೂತು ಓದಲು ಒಂದು ಕೋಣೆ, ಮೃತ ಯೋಧನ ಪತ್ನಿಗೆ ಬಿ.ಎಡ್.ನಲ್ಲಿ ಒಂದು ಸೀಟು. ಆ ಸೀಟು ಕೇಳಿದ್ದವಳು ನ್ಯಾಮತಿಯ ಕಾವ್ಯಶ್ರೀ. ಅವಳ ಗಂಡ ರವಿಕುಮಾರ್ ಗಡಿಯಲ್ಲಿ ಹಿಮ ಕುಸಿದಾಗ ಕಾಣೆಯಾಗಿದ್ದ. ದೇಹ ಸಿಕ್ಕಿರಲಿಲ್ಲ. ಕಾಣೆಯಾದವನ ಹೆಂಡತಿಗೆ ನಿಯಮದಲ್ಲಿ ಜಾಗವೇ ಇರಲಿಲ್ಲ. ತಂದೆಯೇ ಬಂದು ಮಗ ಸತ್ತನೆಂದು ಬಾಯಿಬಿಟ್ಟು ಹೇಳಿದರೆ ಸೀಟು ಕೊಡುತ್ತೇವೆ ಎಂದು ಸಮಿತಿಯವರು ಒಪ್ಪಿದ್ದರು. ಎಂಥ ಉಪಕಾರ!

ತಂದೆ ದುರುಗಪ್ಪ ಜಗಳೂರು ಕಡೆಯ ಕುರಿಗಾರರು. ಬಾಗಿಲಲ್ಲಿ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಆಳು. ಬೆಳಗಿನ ಬಸ್ಸಿಗೇ ಬಂದಿದ್ದ ಅವರಿಗೆ ಗೇಟಿನ ಬಳಿ ನಾನೇ ಚಹಾ ಕುಡಿಸಿದ್ದೆ. ಹೆಗಲ ಮೇಲಿನ ಕರಿ ಕಂಬಳಿಯನ್ನು ಸರಿಮಾಡಿಕೊಳ್ಳುತ್ತ ಅವರು ಹೇಳಿದ್ದರು:

"ಹುಡುಗಿ ಓದ್ಬೇಕು ಮೇಷ್ಟ್ರೇ. ನಮ್ಮೋಳು ಅಂಜಿನಮ್ಮ ಮಗ ಬರ್ತಾನೆ ಅಂತ ಈಗ್ಲೂ ದಾರಿ ಕಾಯ್ತಾಳೆ. ಬಂಧು ಬಳಗ ಎಲ್ಲಾ ನನ್ನ ಮ್ಯಾಲೇ ಬಿದ್ರು. ನಾನೇ ಅಂದೆ, ಹೋದೋನು ಹೋದ, ಇವ್ಳನ್ನ ಯಾಕೆ ಕೊಳೆ ಹಾಕ್ಬೇಕು ಅಂತ."

ಅಷ್ಟು ಗಟ್ಟಿ ಮನಸ್ಸಿನ ಮನುಷ್ಯನನ್ನು ನಾನು ಕಂಡಿದ್ದು ಕಡಿಮೆ.

ಪಟ ಕಾಣೆಯಾದ ಸುದ್ದಿ ಕೇಳಿದ್ದೇ ಪ್ರಿನ್ಸಿಪಾಲ್ ಸಿದ್ದೇಶ್ ತೀರ್ಪು ಕೊಟ್ಟುಬಿಟ್ಟರು. "ಕಾವ್ಯಶ್ರೀಯದೇ ಕೆಲಸ. ಇನ್ನೂ ಕುಂಕುಮ ಇಡ್ತಾಳೆ, ಹಾರ ಹಾಕಿದ್ದು ಸಹಿಸಲಿಲ್ಲ. ಗಂಡ ಬದುಕಿದ್ದಾನೆ ಅನ್ನುವವಳಿಗೆ ಸೀಟು ಹೇಗೆ ಕೊಡೋದು?"

ಆ ಮಾತು ಮುಗಿಯುವಷ್ಟರಲ್ಲಿ ನಾಗರಾಜ್ ಮುಂದೆ ಬಂದ. ರವಿಕುಮಾರನ ತುಕಡಿಯಲ್ಲೇ ಇದ್ದು, ಗಾಯಗೊಂಡು ಮರಳಿ, ಈಗ ನಮ್ಮಲ್ಲಿ ಬಿ.ಎ. ಓದುತ್ತಿರುವವನು. ಅವನ ಬಲಗೈ ಭುಜದಿಂದ ಮೇಲೇಳುವುದಿಲ್ಲ. ನಾನು ಬೋರ್ಡಿನ ಮೇಲೆ ಬರೆಯಲು ಕರೆದಾಗಲೆಲ್ಲ ಕೆಳಗಿನ ಮೂಲೆಯಲ್ಲೇ ಬರೆಯುತ್ತಾನೆ.

"ನಾನೇ ತೆಗ್ದಿದ್ದು ಸರ್. ಹೊಳೆಗೆ ಹಾಕಿದೆ. ಆಯಮ್ಮನ ಸುದ್ದಿಗೆ ಹೋಗ್ಬೇಡ್ರಿ."

"ಹಾಗಾದರೆ ನಿನ್ನ ಓದು ಇವತ್ತಿಗೆ ಮುಗೀತು," ಎಂದರು ಸಿದ್ದೇಶ್.

ನಾನು ಓಡಿಹೋಗಿ ಹೇಮಾವತಿಯವರನ್ನು ಕರೆತಂದೆ. ಮಹಿಳಾ ಹಾಸ್ಟೆಲಿನ ವಾರ್ಡನ್ ಆದರೂ ಒಂದು ಕಾಲಕ್ಕೆ ಚನ್ನಗಿರಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದವರು. ಕಾಲೇಜಿನಲ್ಲಿ ಪೆನ್ನು ಕಳೆದರೂ ನಾವು ಹುಡುಕುವುದು ಅವರನ್ನೇ. ಅವರ ಹಿಂದೆ ಕುತೂಹಲದಿಂದ ಅಲೆಯುವುದು, ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ.

ಅವರು ಮೊದಲು ಪಟದ ಮುಂದೆ ಹಚ್ಚಿಟ್ಟಿದ್ದ ದೀಪ ನೋಡಿದರು. ಯಾರೋ ಅದನ್ನು ಊದದೆ, ಬತ್ತಿಯ ಮೇಲೆ ಒಂದು ಸೇವಂತಿಗೆ ಹೂವಿಟ್ಟು ಶಾಂತ ಮಾಡಿದ್ದರು. ಹಾರದ ಒಂದು ಎಳೆಯೂ ಹರಿದಿರಲಿಲ್ಲ. ಕೋಣೆಯಲ್ಲಿದ್ದ ಒಂದೇ ಬೆಂಚಿನ ಮೇಲೆ ಹೂಕುಂಡಗಳು ಜೋಡಿಸಿದ ಹಾಗೆಯೇ ಇದ್ದವು. ಮೇಜಿನ ತುಂಬ ಬಿಡಿಹೂವಿನ ಅಲಂಕಾರ, ಅದೂ ಕದಡಿರಲಿಲ್ಲ. ನನ್ನ ಕೈಗೂ ಎಟುಕದ ಮೊಳೆಯ ತಲೆಗೆ ಕಪ್ಪು ಉಣ್ಣೆಯ ಒಂದು ಎಳೆ ಸಿಕ್ಕಿಕೊಂಡಿತ್ತು.

"ಪಟ ಎಷ್ಟು ದೊಡ್ಡದಿತ್ತು ಮೇಷ್ಟ್ರೇ?"

"ಎರಡೂ ಕೈಯಲ್ಲಿ ಹಿಡಿಯಬೇಕು. ನೇತುಹಾಕುವಾಗ ಇಬ್ಬರು ಹುಡುಗರು ಬೆಂಚು ಹತ್ತಿದ್ದರು."

ಹೊರಗೆ ಜಗಲಿಯಲ್ಲಿ ದುರುಗಪ್ಪ ಕೈಕಟ್ಟಿ ಕೂತಿದ್ದರು. ಹೊಳೆಯ ಕಡೆಯಿಂದ ಬರುತ್ತಿದ್ದ ಚಳಿಗಾಳಿಗೆ ತೆಳು ಅಂಗಿಯಲ್ಲಿ ನಡುಗುತ್ತಿದ್ದರು. ಹೇಮಾವತಿ ಅವರನ್ನು ಒಂದು ಕ್ಷಣ ನೋಡಿ, ಅಲ್ಲಿ ಬೀಗ ಹಾಕದಿದ್ದ ಒಂದೇ ಕೋಣೆಗೆ, ಹಿಂಬದಿಯ ಎನ್.ಸಿ.ಸಿ. ಸಾಮಾನಿನ ಕೋಣೆಗೆ ಹೋದರು. ಹೊರಬಂದಾಗ ಅವರ ಮುಖ ಕಳೆಗುಂದಿತ್ತು.

"ನಿಜ ಹೇಳಿದರೆ ಒಬ್ಬರ ಎದೆ ಒಡೆಯುತ್ತೆ ಮೇಷ್ಟ್ರೇ. ಸುಮ್ಮನಿದ್ದರೆ ಇಬ್ಬರ ಓದು ಮಣ್ಣಾಗುತ್ತೆ. ಎಲ್ಲರನ್ನೂ ಕರೀರಿ."

ಸಮಿತಿಯವರು, ಸಿದ್ದೇಶ್, ನಾಗರಾಜ್, ಕಾವ್ಯಶ್ರೀ, ದುರುಗಪ್ಪ ಎಲ್ಲರೂ ಕೇಂದ್ರದಲ್ಲಿ ಸೇರಿದರು. ಹೇಮಾವತಿ ದನಿ ಏರಿಸದೆ ಹೇಳಿದರು:

"ನಾಗರಾಜ್ ಸುಳ್ಳು ಹೇಳಿದ್ದಾನೆ. ಆ ಪಟ ಇಳಿಸಲು ಎರಡು ಕೈ ಮೇಲೆತ್ತಬೇಕು, ಅವನಿಗೆ ಒಂದೇ ಏಳುತ್ತೆ. ಕಾವ್ಯಶ್ರೀ ಮಾಡಿರಬಹುದು ಅಂದುಕೊಂಡು ತಪ್ಪು ತನ್ನ ಮೇಲೆ ಹಾಕಿಕೊಂಡ. ಕಾವ್ಯಶ್ರೀ ಅಲ್ಲವೇ ಅಲ್ಲ. ಅವಳು ಬೆಂಚನ್ನೋ ಮೇಜನ್ನೋ ಹತ್ತಬೇಕು. ಎರಡರ ಮೇಲೂ ಒಂದು ಹೂವು ಅಲುಗಿಲ್ಲ. ತೆಗೆದವರು ನೆಲದ ಮೇಲೆ ನಿಂತೇ ತೆಗೆದಿದ್ದಾರೆ, ಅಷ್ಟು ಎತ್ತರ. ದ್ವೇಷದಿಂದಲೂ ಅಲ್ಲ. ದೀಪ ಊದಲಿಲ್ಲ, ಹಾರ ಎಸೆಯಲಿಲ್ಲ. ಕೈ ಎತ್ತಿದಾಗ ಹೆಗಲ ಕಂಬಳಿಯ ಎಳೆ ಮೊಳೆಗೆ ಸಿಕ್ಕಿತು. ಬೆಳಿಗ್ಗೆ ಕಂಬಳಿ ಹೊದ್ದು ಬಂದ ಕುರಿಗಾರರು ಈಗ ಬರೀ ಅಂಗಿಯಲ್ಲಿ ನಡುಗುತ್ತಿದ್ದಾರೆ. ಕುರಿಗಾರರು ಬೇಸಿಗೆಯಲ್ಲೂ ಕಂಬಳಿ ಬಿಟ್ಟಿರುವವರಲ್ಲ. ಬನ್ನಿ, ನೋಡಿ."

ಸಾಮಾನಿನ ಕೋಣೆಯ ಬಾಗಿಲು ತೆರೆದರು. ಮಂಚದ ಮೇಲೆ ಪಟವನ್ನು ಅಂಗಾತ ಮಲಗಿಸಲಾಗಿತ್ತು. ಕತ್ತಿನವರೆಗೆ ಕಂಬಳಿ ಹೊದಿಸಿತ್ತು. ಸಮವಸ್ತ್ರದ ರವಿಕುಮಾರ್ ಅದರೊಳಗಿಂದ ನಗುತ್ತಿದ್ದ.

ದುರುಗಪ್ಪ ಗೋಡೆಗೆ ಒರಗಿದರು. "ಬಸ್ಸಿನಾಗೆ ಬಾಯಿಪಾಠ ಮಾಡ್ಕಂಡು ಬಂದಿದ್ದೆ ರೀ. ಹೇಳ್ತೀನಿ ಅಂದ್ಕಂಡಿದ್ದೆ. ಒಳಗೆ ಬಂದು ನೋಡಿದ್ರೆ ಹಾರ ಹಾಕ್ಯಾರೆ. ತಡ್ಕಣಾಕೆ ಆಗ್ಲಿಲ್ಲ. ಮಂಜಿನಾಗೆ ಹೂತೋದ ಕೂಸಿಗೆ ಹೊದಿಸಾಕೆ ಯಾರೂ ಇರ್ಲಿಲ್ಲ ಅನ್ನಿಸ್ತು. ಆಮ್ಯಾಕೆ ಒಪ್ಕಣಾನ ಅಂದ್ರೆ ಹುಡುಗಿ ಸೀಟು ಹೋಗ್ತೈತೆ ಅಂತ ಭಯ."

ಸಿದ್ದೇಶ್ ಬಗ್ಗಿ, ಜಾರಿದ್ದ ಕಂಬಳಿಯ ಅಂಚನ್ನು ಸರಿಮಾಡಿದರು. ಮೊದಲ ಬಾರಿಗೆ ಅವರ ಮೇಲೆ ನನಗೆ ಕೋಪ ಬರಲಿಲ್ಲ. ಸಮಿತಿಯ ಹಿರಿಯರು ಮೆಲ್ಲಗೆ, "ತಂದೆಯವರು ಏನೂ ಹೇಳದೆ ಹೋದರೆ ನಾವೂ ಏನೂ ಮಾಡಲು ಬರುವುದಿಲ್ಲ," ಎಂದರು. ಹಾಗೆ ಹೇಳಲು ಅವರಿಗೂ ಕಷ್ಟವಾಗುತ್ತಿತ್ತು.

ಕಾವ್ಯಶ್ರೀ ಮಾವನ ಕೈ ಹಿಡಿದಳು. "ನಂಗೆ ಸೀಟು ಬ್ಯಾಡ ಮಾವ. ಆ ಮಾತು ನಿಮ್ಮ ಬಾಯಾಗೆ ಬರಾದು ಬ್ಯಾಡ. ನಡೀರಿ, ಊರಿಗೆ ಹೋಗಾಣ."

"ಸುಮ್ಕಿರವ್ವ," ಎಂದರು ದುರುಗಪ್ಪ. ಅವಳ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡು ಸಮಿತಿಯವರ ಎದುರು ನೆಟ್ಟಗೆ ನಿಂತರು.

"ಬರ್ಕಳ್ರಿ. ನನ್ನ ಮಗ ರವಿಕುಮಾರ ಸತ್ತಾನೆ. ಹೆತ್ತಪ್ಪ ನಾನು ಹೇಳ್ತಾ ಇದೀನಿ."

ಸೀಟು ಮಂಜೂರಾಯಿತು ಎಂದು ಹಿರಿಯರು ತಲೆ ತಗ್ಗಿಸಿಕೊಂಡೇ ಹೇಳಿದರು. ಅದುವರೆಗೆ ಗಂಡನನ್ನು 'ನಮ್ಮನೆಯವರು' ಎಂದಷ್ಟೇ ಕರೆಯುತ್ತಿದ್ದ ಕಾವ್ಯಶ್ರೀ ನೆಲಕ್ಕೆ ಕುಸಿದು, "ರವೀ" ಎಂದು ಹೆಸರು ಹಿಡಿದು ಕೂಗಿ ಅತ್ತಳು.